ನೇರ ಅಂಚಿಗೆ ಆಧಾರ ಯಾವುದು?

ಮೂರಡಿ ಅಗಲದ ಊಟದ ಮೇಜಿನ ಮೇಲುಹಾಸಿಗೆ ಎಷ್ಟು ಹಲಗೆ ಬೇಕು? ಹಳೆಯ ದಿಮ್ಮಿಗಳಿಂದ ಒಂದೂವರೆ ಅಡಿ ಅಗಲದ ಸಾಗುವಾನಿ ಹಲಗೆ ಸಿಗುತ್ತಿದ್ದ ಕಾಲದಲ್ಲಿ ಎರಡು ಸಾಕಿತ್ತು, ಒಂದೇ ಒಂದು ಸಂದು. ಅಂಥ ಮರ ಈಗ ಅಪರೂಪ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಧ್ಯಂತರ ಆದೇಶದ ನಂತರ ಕಾಡಿನ ಮರ ಕಡಿಯುವುದಕ್ಕೂ ಸಾಮಿಲ್ಲುಗಳಿಗೂ ಬಿಗಿಯಾದ ಕಡಿವಾಣ ಬಿತ್ತು. ಇಂದು ಮರಗೆಲಸದ ಅಂಗಡಿಗೆ ಬರುವುದರಲ್ಲಿ ಹೆಚ್ಚಿನದು ತೋಟದ ಮರ: ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್, ಅಕೇಶಿಯಾ, ಬೇಗ ಬೆಳೆಸಿ ಬೇಗ ಕಡಿದ ತೇಗ. ಕಾಂಡ ಸಣ್ಣದು, ಹಲಗೆಯೂ ಕಿರಿದು. ನಾಲ್ಕು ಇಂಚಿನ ಹಲಗೆಗಳಲ್ಲಿ ಅದೇ ಮೇಜು ಮಾಡಬೇಕಾದರೆ ಒಂಬತ್ತು ಹಲಗೆ, ಎಂಟು ಸಂದು, ಒಂದಕ್ಕೊಂದು ಕೂಡಬೇಕಾದ ಹದಿನಾರು ಅಂಚು. ಹಿಂದೆ ಒಂದು ಸಂದಿನಲ್ಲಿ ಮುಚ್ಚಿಹೋಗುತ್ತಿದ್ದ ತಪ್ಪು ಈಗ ಎಂಟು ಕಡೆ ತೋರುತ್ತದೆ. ಹಲಗೆಯ ಅಂಚನ್ನು ನೇರ ಮಾಡುವ ವಿದ್ಯೆ ಹಳೆಯದೇ. ಅದರ ಅಗತ್ಯ ಮಾತ್ರ ಇಂದಿನಷ್ಟು ಹಿಂದೆಂದೂ ಇರಲಿಲ್ಲ.

ಈ ಕೆಲಸಕ್ಕೆಂದೇ ಇರುವ ಯಂತ್ರ ಜಾಯಿಂಟರ್. ನಮ್ಮ ಕಡೆಯ ಸಾಮಿಲ್ಲುಗಳಲ್ಲಿ, ಕೂಲಿಗೆ ಮರ ಹೆರೆದುಕೊಡುವ ಶೆಡ್ಡುಗಳಲ್ಲಿ ಇದನ್ನು ಸರ್ಫೇಸ್ ಪ್ಲೇನರ್ ಎನ್ನುವುದೇ ವಾಡಿಕೆ. ಹೊಸದಾಗಿ ಕಲಿಯುವವರಲ್ಲಿ ಹಲವರ ಎಣಿಕೆ ಸರಳ: ಯಂತ್ರ ಕೊಂಡರೆ ಅಂಚು ನೇರ ಬರುತ್ತದೆ, ಬಾರದಿದ್ದರೆ ಕೈ ಪಳಗಿಲ್ಲ. ಎರಡೂ ಅರ್ಧ ಸತ್ಯ. ಜಾಯಿಂಟರಿಗೆ ನೇರ ಯಾವುದು ಎಂಬ ತಿಳಿವಳಿಕೆ ಇಲ್ಲ. ತನ್ನ ಎರಡು ಮೇಜುಗಳ ನಡುವೆ ಇರುವ ಸಂಬಂಧವನ್ನು, ಅದು ಸರಿಯಿರಲಿ ಕೆಟ್ಟಿರಲಿ, ಹಲಗೆಯ ಅಂಚಿಗೆ ನಕಲು ಮಾಡುವುದಷ್ಟೇ ಅದರ ಕೆಲಸ. ಆ ನಕಲು ಸರಿ ಬರಬೇಕಾದರೆ ಪ್ರತಿ ಕ್ಷಣವೂ ಹಲಗೆ ಯಾವ ಮೈಯನ್ನು ಆಧಾರ ಮಾಡಿಕೊಂಡು ನಿಂತಿದೆ ಎಂಬುದು ಕೆಲಸಗಾರನಿಗೆ ಗೊತ್ತಿರಬೇಕು. ಅಂಚನ್ನು ನೇರ ಮಾಡಲು ಕಲಿಯುವುದೆಂದರೆ ಈ ಆಧಾರವನ್ನು ಗುರುತಿಸಲು, ಅದು ಬದಲಾಗುವ ಕ್ಷಣವನ್ನು ಹಿಡಿಯಲು, ಅದನ್ನು ಅನುಮಾನಿಸಿ ಪರೀಕ್ಷಿಸಲು ಕಲಿಯುವುದು ಎಂಬುದೇ ನನ್ನ ವಾದ. ಕೈಯ ಅಭ್ಯಾಸ ಇದರ ಹಿಂದೆ ಬರುತ್ತದೆ, ಮುಂದೆ ಅಲ್ಲ.

ಯಂತ್ರದ ರಚನೆಯೇ ಇದಕ್ಕೆ ಮೊದಲ ಸಾಕ್ಷಿ. ನಡುವೆ ಬ್ಲೇಡುಗಳನ್ನು ಕೂರಿಸಿದ ಉರುಳೆ, ಅದರ ಎರಡೂ ಬದಿಗೆ ಒಂದೊಂದು ಕಬ್ಬಿಣದ ಮೇಜು. ಹಲಗೆಯನ್ನು ಮೊದಲು ಇಡುವ ಒಳಮೇಜು ತುಸು ಕೆಳಗಿರುತ್ತದೆ. ಎಷ್ಟು ಕೆಳಗಿದೆಯೋ ಅಷ್ಟು ಮರ ಹೆರೆಯುತ್ತದೆ. ಹೆರೆದ ಅಂಚು ಹೋಗಿ ಕೂರುವ ಹೊರಮೇಜು ಬ್ಲೇಡಿನ ತುದಿ ತಿರುಗುವಾಗ ಮುಟ್ಟುವ ಅತಿ ಎತ್ತರದ ಬಿಂದುವಿಗೆ ಸರಿಸಮನಾಗಿರಬೇಕು. ಬದಿಯಲ್ಲಿ ಮೂಲೆಮಟ್ಟಕ್ಕೆ ನಿಂತ ಫೆನ್ಸ್. ಹಲಗೆಯನ್ನು ತಳ್ಳಲು ಶುರುಮಾಡಿದಾಗ ಅದು ನಿಂತಿರುವುದು ತನ್ನ ಹಳೆಯ, ಡೊಂಕಾದ ಅಂಚಿನ ಮೇಲೆ. ಮುಂದಿನ ತುದಿ ಬ್ಲೇಡು ದಾಟಿ ಗೇಣುದ್ದ ಹೊರಮೇಜಿನ ಮೇಲೆ ಬಂದಾಗ ಅಲ್ಲೊಂದು ಹೊಸ ಅಂಚು ಹುಟ್ಟಿರುತ್ತದೆ. ಆಗ ಕೈಯ ಒತ್ತಡ ಒಳಮೇಜಿನಿಂದ ಹೊರಮೇಜಿಗೆ ದಾಟಬೇಕು, ಹಲಗೆ ಹೊಸ ಅಂಚಿನ ಮೇಲೆ ನಿಲ್ಲಬೇಕು, ಉಳಿದ ಕೆಲಸ ಅದರ ಆಧಾರದಲ್ಲೇ ಸಾಗಬೇಕು. ಈ ದಾಟುವಿಕೆ ಆಗದಿದ್ದರೆ, ಅಂದರೆ ಕೊನೆಯವರೆಗೂ ಹಿಂದಿನ ಕೈಯೇ ಹಲಗೆಯನ್ನು ಒಳಮೇಜಿಗೆ ಅದುಮುತ್ತಿದ್ದರೆ, ಹಳೆಯ ಡೊಂಕೇ ಆಧಾರವಾಗಿ ಉಳಿಯುತ್ತದೆ. ಬ್ಲೇಡು ಆ ಡೊಂಕನ್ನು ನುಣ್ಣಗೆ ಮಾಡಿ ವಾಪಸು ಕೊಡುತ್ತದೆ. ಹತ್ತು ಸಲ ಹೆರೆದರೂ ಹಲಗೆ ಕಿರಿದಾಗುತ್ತದೆಯೇ ಹೊರತು ನೇರವಾಗುವುದಿಲ್ಲ.

ನುಣುಪಿಗೂ ನೇರಕ್ಕೂ ಇರುವ ಈ ಅಂತರ ಲೆಕ್ಕದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಉರುಳೆ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ, ಹಲಗೆ ನಿಮಿಷಕ್ಕೆ 5 ಮೀಟರಿನಂತೆ ಸಾಗುತ್ತಿದೆ ಎನ್ನೋಣ. ಮೂರು ಬ್ಲೇಡುಗಳಲ್ಲಿ ಕೂದಲೆಳೆಯಷ್ಟು ಎತ್ತರವಿರುವ ಒಂದೇ ಬ್ಲೇಡು ಕೊನೆಯ ಗುರುತು ಬಿಡುತ್ತದೆ ಎಂದಿಟ್ಟುಕೊಂಡರೂ ಒಂದೊಂದು ಗುರುತಿನ ನಡುವೆ 1 ಮಿಲಿಮೀಟರ್ ಅಂತರ. ಬ್ಲೇಡು ತಿರುಗುವ ವೃತ್ತದ ವ್ಯಾಸ 75 ಮಿ.ಮೀ. ಇದ್ದರೆ ಆ ಅಲೆಗಳ ಆಳ ಒಂದು ಮಿಲಿಮೀಟರಿನ ಮುನ್ನೂರನೇ ಒಂದು ಭಾಗ. ಬೆರಳಿಗೆ ಅದು ತಿಳಿಯುವುದೇ ಇಲ್ಲ. ಅಂಚು ಕನ್ನಡಿಯಂತೆ ಕಾಣುತ್ತದೆ, ಹೊಳೆಯುತ್ತದೆ, ನೋಡಿದವರು ಮೆಚ್ಚುತ್ತಾರೆ. ಆದರೆ ನಾಲ್ಕಡಿ ಉದ್ದಕ್ಕೆ ಅದೇ ಅಂಚು ಅರ್ಧ ಮಿಲಿಮೀಟರ್ ಬಾಗಿದ್ದರೂ ಹೊಳಪು ಅದನ್ನು ಬಿಟ್ಟುಕೊಡುವುದಿಲ್ಲ. ಮೇಲ್ಮೈಯ ಗುಣ ಬ್ಲೇಡಿನದು, ಉದ್ದದ ಗುಣ ಮೇಜಿನದು. ಇವೆರಡನ್ನು ಒಂದೇ ಎಂದು ತಿಳಿದವರು ಬ್ಲೇಡು ಮಸೆಯುತ್ತ ಕೂರುತ್ತಾರೆ. ರೋಗ ಇನ್ನೆಲ್ಲೋ ಇರುತ್ತದೆ.

ಯಂತ್ರಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಲಿಯಂ ವುಡ್‌ವರ್ತ್ 1828ರಲ್ಲಿ ಹಲಗೆ ಹೆರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉರುಳೆಗಳು ಹಲಗೆಯನ್ನು ಅದುಮಿ ಹಿಡಿದು ಮುಂದೆ ಒಯ್ಯುತ್ತಿದ್ದವು, ತಿರುಗುವ ಬ್ಲೇಡುಗಳು ಹೆರೆಯುತ್ತಿದ್ದವು. ಈ ಪೇಟೆಂಟನ್ನು ಮತ್ತೆ ಮತ್ತೆ ವಿಸ್ತರಿಸಿಕೊಂಡು 1856ರವರೆಗೂ ಉಳಿಸಿಕೊಂಡರು, ಅದಕ್ಕಾಗಿ ಕೋರ್ಟುಗಳಲ್ಲಿ ದಶಕಗಟ್ಟಲೆ ಹೋರಾಟ ನಡೆಯಿತು. ಅಷ್ಟು ಬೆಲೆಬಾಳುವ ತಂತ್ರ ಅದು. ಇಂದಿನ ತಿಕ್‌ನೆಸ್ ಪ್ಲೇನರ್ ಇದೇ ಕುಲದ್ದು. ದಪ್ಪವನ್ನು ಸಮ ಮಾಡುವುದರಲ್ಲಿ ಅದನ್ನು ಮೀರಿಸುವುದು ಬೇರೊಂದಿಲ್ಲ. ಬಾಗಿದ ಹಲಗೆಯನ್ನು ಅದಕ್ಕೆ ಕೊಟ್ಟು ನೋಡಿ: ಉರುಳೆಗಳು ಅದುಮಿದಾಗ ಬಾಗು ಮಾಯವಾಗುತ್ತದೆ, ಬ್ಲೇಡು ಹೆರೆಯುತ್ತದೆ, ಆಚೆ ಬಂದು ಒತ್ತಡ ಬಿಟ್ಟೊಡನೆ ಹಲಗೆ ಮತ್ತೆ ಮೊದಲಿನಂತೆ ಬಾಗಿ ನಿಲ್ಲುತ್ತದೆ. ದಪ್ಪ ಸಮ, ಬಾಗು ಹಾಗೇ. ಎಷ್ಟೇ ಶಕ್ತಿಯ ಮೋಟಾರು ಹಾಕಿದರೂ ಇದು ಬದಲಾಗದು, ಏಕೆಂದರೆ ಅಲ್ಲಿ ಹಲಗೆಗೆ ಆಧಾರವಾಗಿರುವುದು ಅದರದೇ ಇನ್ನೊಂದು ಮೈ. ಜಾಯಿಂಟರಿನ ಜಾಣ್ಮೆ ಇರುವುದು ಶಕ್ತಿಯಲ್ಲಲ್ಲ, ಹಲಗೆಗೆ ಹೊರಗಿನಿಂದ ಒಂದು ಆಧಾರ ಒದಗಿಸುವುದರಲ್ಲಿ.

ಆಧಾರದ ಉದ್ದ ಎಷ್ಟು ಮುಖ್ಯ ಎಂಬುದನ್ನು ಕೈ ಹತ್ತರಿಯಲ್ಲಿ ಅಳೆದು ತೋರಿಸಬಹುದು. ಅಂಚು ಕಟ್ಟುವ ದೊಡ್ಡ ಹತ್ತರಿ, ಸ್ಟ್ಯಾನ್ಲಿ ಕಂಪನಿಯ ಎಣಿಕೆಯಲ್ಲಿ 7ನೇ ನಂಬರಿನದು, 22 ಇಂಚು ಉದ್ದ. ಕೊನೆಯ ನುಣುಪಿಗೆ ಬಳಸುವ 4ನೇ ನಂಬರಿನದು ಸುಮಾರು ಒಂಬತ್ತೂವರೆ ಇಂಚು. ಎರಡರಲ್ಲೂ ಅಲಗು ಮಿಲಿಮೀಟರಿನ ಹತ್ತನೇ ಒಂದು ಭಾಗ ಹೊರಚಾಚಿದೆ ಎನ್ನೋಣ. ಹತ್ತರಿಯ ತಳ ಅಂಚಿನ ತಗ್ಗಿಗೆ ಸೇತುವೆಯಂತೆ ಅಡ್ಡ ನಿಂತು ಅಲಗು ಮರಕ್ಕೆ ತಾಗದಂತಾಗುವ ಹೊತ್ತಿಗೆ, 1200 ಮಿ.ಮೀ. ಉದ್ದದ ಅಂಚಿನಲ್ಲಿ ಎಷ್ಟು ತಗ್ಗು ಬಿದ್ದಿರಬಹುದು? ಉದ್ದನೆಯ ಹತ್ತರಿಯಲ್ಲಿ ಅಂದಾಜು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಗಿಡ್ಡ ಹತ್ತರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್. ತಳದ ಉದ್ದ ಎರಡು ಪಟ್ಟಿಗಿಂತ ತುಸು ಹೆಚ್ಚಾದರೆ ತಪ್ಪು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ತಪ್ಪು ಉದ್ದದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಕೈ ಒಂದೇ, ಅಲಗು ಒಂದೇ, ಮರ ಒಂದೇ, ಬದಲಾದದ್ದು ಆಧಾರ. ಜಾಯಿಂಟರನ್ನು ತಲೆಕೆಳಗು ಮಾಡಿಟ್ಟ ಉದ್ದನೆಯ ಹತ್ತರಿ ಎಂದು ನೋಡಿದರೆ, ಆರು ಇಂಚಿನ ಸಣ್ಣ ಯಂತ್ರದ ನಾಲ್ಕಡಿ ಮೇಜಿನ ಮೇಲೆ ಎಂಟು–ಒಂಬತ್ತು ಅಡಿಯ ಬಾಗಿಲ ಚೌಕಟ್ಟಿನ ಕಂಬವನ್ನು ಹೆರೆಯುವುದು ಏಕೆ ಅಷ್ಟು ತ್ರಾಸದಾಯಕ ಎಂಬುದೂ ತಿಳಿಯುತ್ತದೆ. ಮೇಜಿನಾಚೆ ಚಾಚಿಕೊಂಡ ಭಾಗಕ್ಕೆ ಆಧಾರವೇ ಇಲ್ಲ. ಅದರ ಭಾರ ಹಲಗೆಯ ಇನ್ನೊಂದು ತುದಿಯನ್ನು ಎತ್ತುತ್ತಿರುತ್ತದೆ.

ಇನ್ನು ಆಧಾರವೇ ಕೆಟ್ಟಿದ್ದರೆ ಏನಾಗುತ್ತದೆ ಎಂಬುದು. ಇಲ್ಲಿ ಹಲಗೆಯ ಅಂಚು ತಾನೇ ಸಾಕ್ಷಿ ಹೇಳುತ್ತದೆ. ಹೊರಮೇಜು ಬ್ಲೇಡಿಗಿಂತ ಕೆಳಗಿದ್ದರೆ, ಹಲಗೆಯ ಹಿಂದಿನ ತುದಿ ಒಳಮೇಜನ್ನು ಬಿಟ್ಟ ಕ್ಷಣದಲ್ಲಿ ಹಲಗೆ ತಟಕ್ಕನೆ ಇಳಿದು ಕೊನೆಯ ಎರಡು–ಮೂರು ಇಂಚಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಹೊರಮೇಜು ಮೇಲಿದ್ದರೆ ಮುಂದಿನ ತುದಿ ಅದಕ್ಕೆ ಬಡಿಯುತ್ತದೆ, ಇಲ್ಲವೇ ಏರಿಕೊಂಡು ಹೋಗುತ್ತದೆ. ಮುಂದೆ ಸಾಗಿದಂತೆ ಹೆರೆತ ತೆಳುವಾಗುತ್ತ ಹೋಗಿ ಕೊನೆಗೆ ಬ್ಲೇಡು ಮರವನ್ನು ಮುಟ್ಟುವುದೇ ಇಲ್ಲ, ಅಂಚು ಉಬ್ಬಿ ನಿಲ್ಲುತ್ತದೆ. ಎರಡೂ ಮೇಜುಗಳ ಹೊರತುದಿ ಜೋತಿದ್ದರೆ ಬ್ಲೇಡು ಗುಡ್ಡದ ನೆತ್ತಿಯಲ್ಲಿ ಕೂತಂತೆ. ಅಂಚಿನ ಉದ್ದಕ್ಕೂ ತಗ್ಗು. ಹೊರತುದಿಗಳು ಮೇಲೆದ್ದು ನಡು ತಗ್ಗಿದ್ದರೆ ಉದ್ದಕ್ಕೂ ಉಬ್ಬು. ತುದಿಯಲ್ಲಿ ಮಾತ್ರ ಗುಳಿಯೋ, ಉದ್ದಕ್ಕೂ ತಗ್ಗೋ ಎಂಬ ವ್ಯತ್ಯಾಸ ಗುರುತಿಸಿದರೆ ಯಾವ ತಿರುಪು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಗೊತ್ತಾಗುತ್ತದೆ. ಮೊದಲನೆಯದಕ್ಕೆ ಹೊರಮೇಜಿನ ಎತ್ತರ ಸರಿಪಡಿಸಿದರೆ ಆಯಿತು. ಎರಡನೆಯದಕ್ಕೆ ಮೇಜಿನ ಕೆಳಗಿನ ಜಾರುಹಾದಿಗೆ ತೆಳು ತಗಡಿನ ಪಟ್ಟಿ ಕೊಡಬೇಕಾಗುತ್ತದೆ; ಅದು ಅರ್ಧ ದಿನದ ಕೆಲಸ. ರೋಗ ತಿಳಿಯದೆ ತಿರುಪು ತಿರುಗಿಸುವವರು ಸರಿಯಿದ್ದದ್ದನ್ನೂ ಕೆಡಿಸುತ್ತಾರೆ.

ಹೊರಮೇಜನ್ನು ಹೊಂದಿಸುವ ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಮೊದಲು ವಿದ್ಯುತ್ ಸಂಪರ್ಕವನ್ನೇ ಕಿತ್ತುಬಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ನೇರವಾದ ಒಂದು ಮರದ ಪಟ್ಟಿಯನ್ನು ಹೊರಮೇಜಿನ ಮೇಲಿಟ್ಟು ಅದರ ತುದಿ ಉರುಳೆಯ ಮೇಲೆ ಚಾಚುವಂತೆ ಮಾಡಿ, ಮೇಜಿನ ತುಟಿ ಇರುವಲ್ಲಿ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕುವುದು. ಉರುಳೆಯನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಬ್ಲೇಡಿನ ತುದಿ ಪಟ್ಟಿಯ ಕೆಳಮೈಯನ್ನು ಸವರಿ ಅದನ್ನು ತುಸುವೇ ಎಳೆದು ಬಿಡಬೇಕು. ಎರಡು–ಮೂರು ಮಿಲಿಮೀಟರ್ ಎಳೆದರೆ ಬ್ಲೇಡು ಮೇಜಿಗಿಂತ ಎಳೆಯಷ್ಟೇ ಮೇಲಿದೆ ಎಂದರ್ಥ. ಒಂದೊಂದು ಬ್ಲೇಡಿಗೂ, ಪ್ರತಿ ಬ್ಲೇಡಿನ ಎರಡೂ ತುದಿಗೂ ಇದೇ ಎಳೆತ ಬರಬೇಕು. ಒಂದು ಕಡೆ ಮೂರು, ಇನ್ನೊಂದು ಕಡೆ ಎಂಟು ಬಂದರೆ ಬ್ಲೇಡು ವಾರೆಯಾಗಿ ಕೂತಿದೆ. ಆಮೇಲೆ ಯಂತ್ರ ಓಡಿಸಿ, ಬೇಡದ ಹಲಗೆಯೊಂದನ್ನು ಗೇಣುದ್ದ ಹೆರೆದು ಅಲ್ಲೇ ಹಿಡಿದು, ಯಂತ್ರ ನಿಲ್ಲಿಸಿ ನೋಡುವುದು. ಹೆರೆದ ಭಾಗ ಹೊರಮೇಜಿನ ಮೇಲೆ ಬೆಳಕೂ ತೂರದಂತೆ ಕೂತಿರಬೇಕು. ಬ್ಲೇಡಿಗೆ ಹೊಸ ಮಸೆ ಹಿಡಿಸಿದ ಮೇಲೆ, ಅದು ಸವೆದ ಮೇಲೆ, ಈ ಸಂಬಂಧ ಮತ್ತೆ ಬದಲಾಗುತ್ತದೆ. ಸಾಗುವಾನಿಯಲ್ಲಿ ಸಿಲಿಕಾದ ಕಣಗಳಿರುವುದರಿಂದ ಬ್ಲೇಡಿನ ಬಾಯಿ ಬೇಗ ಸವೆಯುತ್ತದೆ. ವಾರದ ಹಿಂದೆ ಸರಿಯಿತ್ತು ಎಂಬ ನೆನಪು ಇಂದಿನ ಆಧಾರವಾಗದು.

ಯಂತ್ರ ಸರಿಯಿದ್ದಾಗಲೂ ಹಲಗೆಯ ಯಾವ ಅಂಚನ್ನು ಕೆಳಗಿಡಬೇಕು ಎಂಬ ಆಯ್ಕೆ ಉಳಿಯುತ್ತದೆ. ತಗ್ಗಾದ ಅಂಚು ಕೆಳಗೆ ಬರಬೇಕು. ಆಗ ಹಲಗೆ ಎರಡು ತುದಿಗಳ ಮೇಲೆ ಅಲುಗದೆ ನಿಲ್ಲುತ್ತದೆ. ಮೊದಲ ಸಲ ಹಾಯಿಸುವಾಗ ಯಂತ್ರದ ಸದ್ದನ್ನು ಕೇಳಿದರೆ ಕೆಲಸ ಎಲ್ಲಿದೆ ಎಂದು ತಿಳಿಯುತ್ತದೆ: ಮುಂದಿನ ತುದಿಯಲ್ಲಿ ಗರ್ರೆನ್ನುವ ಹೆರೆತ, ನಡುವೆ ಬರಿ ಉರುಳೆ ತಿರುಗುವ ಸುಯ್ಯೆಂಬ ಸದ್ದು, ಕೊನೆಯಲ್ಲಿ ಮತ್ತೆ ಹೆರೆತ. ಒಂದೊಂದು ಸಲಕ್ಕೂ ನಡುವಿನ ಆ ಬಿಡುವು ಗಿಡ್ಡವಾಗುತ್ತ ಬಂದು ಕೊನೆಗೆ ತುದಿಯಿಂದ ತುದಿಗೆ ಒಂದೇ ಸದ್ದಾದಾಗ ಅಂಚು ಮುಗಿದ ಹಾಗೆ. ಉಬ್ಬಿದ ಅಂಚು ಕೆಳಗೆ ಬಂದರೆ ಹಲಗೆ ನಡುವಿನ ಒಂದೇ ಜಾಗದ ಮೇಲೆ ತೂಗಾಡುತ್ತದೆ. ಒಂದು ಸಲ ಮುಂದಕ್ಕೆ ವಾಲಿ, ಮುಂದಿನ ಸಲ ಹಿಂದಕ್ಕೆ ವಾಲಿ, ಪ್ರತಿ ಸಲವೂ ಬೇರೆ ಆಧಾರ. ಅಂಥ ಹಲಗೆಯನ್ನು ದಾರ ಹೊಡೆದು ಗರಗಸದಲ್ಲಿ ಮೊದಲು ಅಂದಾಜು ನೇರಕ್ಕೆ ತರುವುದೇ ಲೇಸು. ಹಾಗೆಯೇ ಎಳೆಯ ದಿಕ್ಕು ನೋಡಿ ಹೆರೆಯುವುದು, ಒಮ್ಮೆಗೆ 1 ಮಿ.ಮೀ.ಗಿಂತ ಹೆಚ್ಚು ಹೆರೆಯದಿರುವುದು, ಗಿಡ್ಡ ತುಂಡುಗಳನ್ನು ಈ ಯಂತ್ರಕ್ಕೆ ಒಡ್ಡದಿರುವುದು, ಬ್ಲೇಡಿನ ಮೇಲಿನ ಕಾಪನ್ನು ಕಳಚದಿರುವುದು, ತಳ್ಳುಗಟ್ಟೆ ಬಳಸುವುದು. ಇವು ಬೆರಳುಗಳ ಪ್ರಶ್ನೆ, ಇವುಗಳಲ್ಲಿ ರಿಯಾಯಿತಿ ಇಲ್ಲ.

ಈಗ ಕಠಿಣವಾದ ಪ್ರಶ್ನೆ: ಅಂಚು ನೇರವಾಯಿತೆಂದು ಹೇಳುವುದು ಹೇಗೆ? ಎರಡು ಹಲಗೆಗಳ ಅಂಚನ್ನು ಒಂದರ ಮೇಲೊಂದು ನಿಲ್ಲಿಸಿ, ಬೆಳಕು ತೂರದಿದ್ದರೆ ಸರಿ ಎನ್ನುವುದು ರೂಢಿ. ಆದರೆ ಒಂದು ಉಬ್ಬು, ಇನ್ನೊಂದು ಅಷ್ಟೇ ತಗ್ಗು ಇದ್ದರೂ ಬೆಳಕು ತೂರುವುದಿಲ್ಲ. ಎರಡರ ಹೊಂದಾಣಿಕೆ ನೇರಕ್ಕೆ ಪುರಾವೆಯಲ್ಲ. ಲೋಹದ ಸಮತಲಗಳ ವಿಷಯದಲ್ಲಿ ಈ ಸಂಗತಿಯನ್ನು ಎಲ್ಲರಿಗೂ ಮನದಟ್ಟು ಮಾಡಿಸಿದವನು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್. 1840ರಲ್ಲಿ ಗ್ಲಾಸ್ಗೊದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಅವನು ಈ ಬಗ್ಗೆ ಪ್ರಬಂಧ ಓದಿದ. ಅವನ ವಿಧಾನದಲ್ಲಿ ಬೇಕಾದದ್ದು ಮೂರು ಫಲಕ. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ ಹೊಂದಿದರೆ ಮೂರೂ ಸಮವಾಗಿರಲೇಬೇಕು. ಉಬ್ಬಿಗೆ ಉಬ್ಬು ಹೊಂದುವುದಿಲ್ಲ, ತಗ್ಗಿಗೆ ತಗ್ಗು ಹೊಂದುವುದಿಲ್ಲ. ಮರದ ಅಂಚಿಗೂ ಇದೇ ನ್ಯಾಯ. ಒಂದೇ ಯಂತ್ರದಲ್ಲಿ, ಒಂದೇ ರೀತಿಯಲ್ಲಿ ಹೆರೆದ ಎರಡು ಅಂಚುಗಳಾದರೆ ತಪ್ಪು ಒಂದೇ ಬಗೆಯದಾಗಿರುತ್ತದೆ. ಎದುರುಬದುರಿಟ್ಟಾಗ ಅದು ಇಮ್ಮಡಿಯಾಗಿ ಕಾಣುತ್ತದೆ. ಮಟ್ಟದ ಪಟ್ಟಿಯನ್ನು ಪರೀಕ್ಷಿಸುವುದಕ್ಕೂ ಇದೇ ಉಪಾಯ. ಪಟ್ಟಿಯಿಂದ ಗೆರೆ ಎಳೆದು, ಪಟ್ಟಿಯನ್ನು ಮಗುಚಿ, ಅದೇ ಎರಡು ಬಿಂದುಗಳ ನಡುವೆ ಅದೇ ಅಂಚಿನಿಂದ ಇನ್ನೊಂದು ಗೆರೆ ಎಳೆದರೆ ಎರಡರ ನಡುವಿನ ಸಂದು ಪಟ್ಟಿಯ ತಪ್ಪಿನ ಎರಡರಷ್ಟಿರುತ್ತದೆ. ನೇರವಾದ ವಸ್ತು ಇನ್ನೊಂದು ಇಲ್ಲದಿದ್ದರೂ ನೇರವನ್ನು ಪರೀಕ್ಷಿಸಬಹುದು ಎಂಬುದು ಮನುಷ್ಯ ಕಂಡುಕೊಂಡ ಅತಿ ಸುಂದರ ಸತ್ಯಗಳಲ್ಲಿ ಒಂದು. ಅದಕ್ಕೆ ಬೇಕಾದದ್ದು ಒಂದು ಪೆನ್ಸಿಲು, ಒಂದು ಪ್ಲೈವುಡ್ ಚೂರು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಅಂಟಿಸುವುದಕ್ಕೆ ಬೇಕಾದದ್ದು ಹೊಂದಾಣಿಕೆ ತಾನೆ? ಉಬ್ಬಿಗೆ ತಗ್ಗು ಸರಿಯಾಗಿ ಕೂತರೆ ಸಂದು ಕೂಡುತ್ತದೆ, ನೇರದ ಹಂಗೇಕೆ? ಪಳಗಿದ ಬಡಗಿಗಳು ಬೇಕೆಂದೇ ಅಂಚಿನ ನಡುವೆ ಕಾಗದದಷ್ಟು ತಗ್ಗು ಬಿಡುವುದೂ ಉಂಟು. ಕ್ಲ್ಯಾಂಪ್ ಬಿಗಿದಾಗ ನಡು ಮುಚ್ಚಿಕೊಳ್ಳುತ್ತದೆ, ತುದಿಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ. ಹಲಗೆಯ ತುದಿಗಳೇ ಮೊದಲು ಒಣಗಿ ಕುಗ್ಗುವುದರಿಂದ ಆ ಒತ್ತಡ ಮುಂದೆ ಸಂದು ಬಿಡದಂತೆ ಕಾಯುತ್ತದೆ. ಇದೆಲ್ಲ ನಿಜ. ಆದರೆ ಬೇಕೆಂದು ಬಿಟ್ಟ ತಗ್ಗಿಗೂ ತಾನಾಗಿ ಬಂದ ತಗ್ಗಿಗೂ ಅಜಗಜಾಂತರ. ಮೊದಲು ನೇರ ಸಾಧಿಸಿದವನಷ್ಟೇ ನಡುವಿನಲ್ಲಿ ಎರಡು ಎಳೆ ಹೊಟ್ಟು ಹೆಚ್ಚು ತೆಗೆದು ಎಷ್ಟು ತಗ್ಗು ಬಿಟ್ಟೆ ಎಂದು ಹೇಳಬಲ್ಲ. ಇನ್ನೊಂದು ಸಂಗತಿ, ಹೊಂದಾಣಿಕೆಯ ನೇರ ಎರಡು ಹಲಗೆಗಳಿಗೆ ಸಾಕು. ಒಂಬತ್ತು ಹಲಗೆಗಳಿಗೆ ಸಾಲದು. ಬಣ್ಣ, ಎಳೆ ನೋಡಿ ಹಲಗೆಗಳ ಸಾಲನ್ನು ಆಚೀಚೆ ಬದಲಿಸಬೇಕಾದಾಗ ಪ್ರತಿ ಅಂಚೂ ಯಾವ ಅಂಚಿನ ಜೊತೆಗಾದರೂ ಕೂಡಬೇಕು. ಆ ಸ್ವಾತಂತ್ರ್ಯ ಸಿಗುವುದು ಎಲ್ಲ ಅಂಚುಗಳೂ ಒಂದೇ ಆಧಾರಕ್ಕೆ ನೇರವಾಗಿದ್ದಾಗ ಮಾತ್ರ.

ಮೂಲೆಮಟ್ಟದ ವಿಷಯದಲ್ಲಿ ಮಾತ್ರ ಹೊಂದಾಣಿಕೆಯ ಜಾಣತನ ನಿಜಕ್ಕೂ ಉಪಕಾರಿ. ಫೆನ್ಸ್ 90 ಡಿಗ್ರಿಯಿಂದ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದೆ ಎನ್ನೋಣ. ನೂರು ಮಿ.ಮೀ. ಎತ್ತರದ ಮಟ್ಟ ಇಟ್ಟು ನೋಡಿದರೆ ತುದಿಯಲ್ಲಿ ಕಾಣುವ ಸಂದು 0.17 ಮಿ.ಮೀ., ಎರಡು ಹಾಳೆ ಕಾಗದಕ್ಕಿಂತ ಕಡಿಮೆ. ಇಷ್ಟನ್ನು ಯಾರು ಲೆಕ್ಕಿಸುತ್ತಾರೆ? ಒಂದು ಸಂದಿನಲ್ಲಿ ಎರಡು ಅಂಚಿನ ತಪ್ಪು ಸೇರಿ 0.2 ಡಿಗ್ರಿ. ಎಂಟು ಸಂದಿಗೆ 1.6 ಡಿಗ್ರಿ. ಮೂರಡಿ ಅಗಲದ ಮೇಜು ನಡುವಿನಲ್ಲಿ ಸುಮಾರು 3 ಮಿ.ಮೀ. ಡೊಗರು ಬಾಗಿ ಬರುತ್ತದೆ, ಕ್ಲ್ಯಾಂಪ್ ಬಿಚ್ಚಿದ ಮೇಲೆ ಅದನ್ನು ಸರಿಪಡಿಸಲು ಮರದ ದಪ್ಪವನ್ನೇ ಕಳೆದುಕೊಳ್ಳಬೇಕು. ಇದಕ್ಕೆ ಮದ್ದು ಸುಲಭ. ಪ್ರತಿ ಸಂದಿನಲ್ಲಿ ಒಂದು ಹಲಗೆಯ ಮೇಲ್ಮುಖವನ್ನು ಫೆನ್ಸಿಗೆ ಆನಿಸಿ, ಅದರ ಜೊತೆಯ ಹಲಗೆಯ ಕೆಳಮುಖವನ್ನು ಆನಿಸಿ ಹೆರೆದರೆ ಒಂದರಲ್ಲಿ 89.9, ಇನ್ನೊಂದರಲ್ಲಿ 90.1 ಬಂದು ಎರಡೂ ಸೇರಿ ಸಪಾಟಾಗುತ್ತವೆ. ಕೋನದ ತಪ್ಪು ಹೀಗೆ ಕಳೆದುಹೋಗುತ್ತದೆ. ಉದ್ದದ ತಪ್ಪು ಹೀಗೆ ಕಳೆಯುವುದಿಲ್ಲ, ಕೂಡಿಕೊಳ್ಳುತ್ತದೆ. ಯಾವ ತಪ್ಪು ಕಳೆಯುವಂಥದು, ಯಾವುದು ಕೂಡುವಂಥದು ಎಂದು ಬಲ್ಲವನಿಗೆ ತನ್ನ ಎಚ್ಚರವನ್ನು ಎಲ್ಲಿ ಖರ್ಚು ಮಾಡಬೇಕೆಂದೂ ಗೊತ್ತು.

ಮರವೇ ಹಿಗ್ಗಿ ಕುಗ್ಗುವ ವಸ್ತು, ಅದರಲ್ಲಿ ಕೂದಲೆಳೆಯ ಲೆಕ್ಕವೇಕೆ ಎಂಬುದು ಇನ್ನೊಂದು ಆಕ್ಷೇಪ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ ಎಂಬುದನ್ನು ಇದು ಮರೆಯುತ್ತದೆ. ಹಸಿ ಮರ ಪೂರ್ತಿ ಒಣಗುವವರೆಗೆ ಸಾಗುವಾನಿ ವಾರ್ಷಿಕ ಉಂಗುರಗಳ ಗುಂಟ ಸುಮಾರು 5.8 ಶೇಕಡ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು 2.5 ಶೇಕಡ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಇವುಗಳ ಮುಂದೆ ತೀರ ಅತ್ಯಲ್ಪ. ಸರಿಯಾಗಿ ಒಣಗಿದ, ನೇರ ಎಳೆಯ ಹಲಗೆ ಮಳೆಗಾಲದಲ್ಲಿ ಅಗಲವಾಗುತ್ತದೆ, ಅಂಚು ಹೆಚ್ಚುಕಡಿಮೆ ನೇರವಾಗಿಯೇ ಉಳಿಯುತ್ತದೆ. ಅಂಚು ಬಾಗುವುದಕ್ಕೆ ಕಾರಣ ಬೇರೆ: ವಾಲಿ ಬೆಳೆದ ಮರದ ಬಿಗಿತ, ತಿರುಳಿನ ಹತ್ತಿರದ ಎಳೆ ಮರ, ಕೊಯ್ದಾಗ ಬಿಡುಗಡೆಯಾಗುವ ಒಳಒತ್ತಡ. ಬೇಗ ಬೆಳೆದ ತೋಟದ ಮರದಲ್ಲಿ ಇವು ಹೆಚ್ಚು. ಹಾಗಾಗಿ ಹಲಗೆಯನ್ನು ಒರಟಾಗಿ ಸೀಳಿ, ಕೆಲವು ದಿನ ನಡುವೆ ಗಾಳಿಯಾಡುವಂತೆ ಪೇರಿಸಿಟ್ಟು, ಅದು ಬಾಗುವಷ್ಟು ಬಾಗಿದ ಮೇಲೆ ಅಂಚು ಹೆರೆದು ಆವತ್ತೇ ಅಂಟಿಸುವುದು ಕ್ರಮ. ಸಾಗುವಾನಿಯ ಮೈಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಆಗಷ್ಟೇ ಹೆರೆದ ಅಂಚಿಗೇ ಅಂಟು ಚೆನ್ನಾಗಿ ಹಿಡಿಯುತ್ತದೆ. ಇಂದು ಎಲ್ಲ ಅಂಗಡಿಗಳಲ್ಲಿರುವ ಬಿಳಿ ಅಂಟು ತೆಳುವಾದ ಪದರದಲ್ಲಿ ಮರಕ್ಕಿಂತ ಗಟ್ಟಿ. ಸಂದು ತುಂಬಲು ಬಳಸಿದರೆ ದುರ್ಬಲ. ಮರ ಅಲುಗುತ್ತದೆ ಎಂಬುದು ಅಜಾಗರೂಕತೆಗೆ ಕಾರಣವಾಗಬಾರದು. ಯಾವಾಗ ಅಳೆಯಬೇಕು ಎಂಬುದನ್ನು ಅದು ಹೇಳಿಕೊಡುತ್ತದೆ, ಅಷ್ಟೆ.

ಕಾರ್ಖಾನೆಯಲ್ಲಿ ಜೋಡಿಸಿದ ರಬ್ಬರ್ ಮರದ ಫಲಕ ಸಿಗುತ್ತದೆ, ಹಳಿಯ ಮೇಲೆ ಓಡುವ ಗರಗಸ ಸಿಗುತ್ತದೆ, ಕಂಪ್ಯೂಟರು ನಡೆಸುವ ರೂಟರ್ ಸಿಗುತ್ತದೆ. ಇನ್ನು ಜಾಯಿಂಟರಿನ ಪಾಠ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಹಳಿಯ ಗರಗಸದಿಂದ ಅಂಟಿಸಬಲ್ಲಂಥ ಅಂಚು ಬರುತ್ತದೆ ಎಂಬುದನ್ನು ಒಪ್ಪಬೇಕು. ಸಣ್ಣ ಅಂಗಡಿಗೆ ಅದು ಒಳ್ಳೆಯ ಆಯ್ಕೆಯೂ ಹೌದು. ಆದರೆ ಅಲ್ಲಿ ಆಧಾರ ಆ ಅಲ್ಯೂಮಿನಿಯಂ ಹಳಿ. ಎರಡು ತುಂಡು ಹಳಿಗಳನ್ನು ಜೋಡಿಸುವಾಗ ಕೂಡುವಲ್ಲಿ ತುಸು ಮುರಿದರೆ ಅಂಚೂ ಅಲ್ಲೇ ಮುರಿಯುತ್ತದೆ, ಅದನ್ನು ಕಂಡುಹಿಡಿಯಲು ಮತ್ತೆ ಅದೇ ಮಗುಚಿ ಗೆರೆ ಎಳೆಯುವ ಪರೀಕ್ಷೆ ಬೇಕು. ಯಂತ್ರ ಬದಲಾದರೆ ಆಧಾರ ಇರುವ ಜಾಗ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಸಿದ್ಧ ಫಲಕಗಳಿಗೂ ಅದೇ ಮಾತು. ಅವನ್ನು ಜೋಡಿಸಿದ ಕಾರ್ಖಾನೆಯಲ್ಲಿ ಯಾರೋ ಒಬ್ಬರು ಹೊರಮೇಜಿನ ಎತ್ತರವನ್ನು ಹೊಂದಿಸಿಯೇ ಇರುತ್ತಾರೆ. ಇನ್ನು ಊರಿನ ಮರ ಊರಲ್ಲೇ ಪೀಠೋಪಕರಣವಾಗಬೇಕು, ಕಾಫಿ ತೋಟದ ಸಿಲ್ವರ್ ಓಕ್ ಪ್ಲೈವುಡ್ಡಿನ ಪದರವಾಗಿ ಹೋಗುವುದರ ಬದಲು ನಾಲ್ಕು ಜನ ಕೂತು ಉಣ್ಣುವ ಮೇಜಾಗಬೇಕು ಎಂದು ಬಯಸುವವರಿಗೆ, ನಾನೂ ಅವರಲ್ಲೊಬ್ಬ, ಕಿರಿದಾದ ಹಲಗೆಗಳನ್ನು ಚೆನ್ನಾಗಿ ಕೂಡಿಸುವ ಕೌಶಲವನ್ನು ಊರಲ್ಲೇ ಬೆಳೆಸದೆ ಬೇರೆ ದಾರಿಯಿಲ್ಲ.

ಕೊನೆಯ ಆಕ್ಷೇಪ ಗೌರವದಿಂದ ಉತ್ತರಿಸಬೇಕಾದದ್ದು. ಹಿಂದಿನ ಆಚಾರಿಗಳು ಇಂಥ ಲೆಕ್ಕವಿಲ್ಲದೆ, ಕಣ್ಣಂದಾಜಿನಲ್ಲೇ ತಲೆಬಾಗಿಲು, ರಥ, ತೊಟ್ಟಿಮನೆಯ ಕಂಬ ಮಾಡಲಿಲ್ಲವೆ? ಮಾಡಿದರು, ಅದ್ಭುತವಾಗಿ ಮಾಡಿದರು. ಆದರೆ ಒಂದು ಕಣ್ಣು ಮುಚ್ಚಿ ಅಂಚಿನ ಗುಂಟ ನೋಡುವುದು ಅಂದಾಜಲ್ಲ. ಬೆಳಕಿನ ಕಿರಣವನ್ನೇ ಆಧಾರ ಮಾಡಿಕೊಂಡು ಉದ್ದವನ್ನೆಲ್ಲ ಒಂದೇ ನೋಟಕ್ಕೆ ಮೊಟಕಾಗಿಸಿ ನೋಡುವ ಪರೀಕ್ಷೆ ಅದು. ಬಿಗಿದ ದಾರ ಇನ್ನೊಂದು ಆಧಾರ. ಉದ್ದನೆಯ ಹತ್ತರಿ ಮತ್ತೊಂದು. ಅವರು ಅಂಕಿ ಹೇಳಲಿಲ್ಲ, ಪರೀಕ್ಷೆ ಬಿಡಲಿಲ್ಲ. ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಲಿಯುವಾಗ ಆ ಪರೀಕ್ಷೆಗಳು ಮಾತಿಲ್ಲದೆ ಕೈಗೆ ದಾಟುತ್ತಿದ್ದವು. ಈಗ ಕಲಿಕೆಯ ಅವಧಿ ಗಿಡ್ಡವಾಗಿದೆ, ಯಂತ್ರ ವೇಗವಾಗಿದೆ, ತಪ್ಪು ಮಾಡುವುದಕ್ಕೆ ಬೇಕಾದ ಸಮಯವೂ ಕಡಿಮೆಯಾಗಿದೆ. ಮಾತಿಲ್ಲದೆ ದಾಟುತ್ತಿದ್ದದ್ದನ್ನು ಈಗ ಮಾತಿನಲ್ಲಿ, ಅಂಕಿಯಲ್ಲಿ ಹೇಳಲೇಬೇಕಾಗಿದೆ.

ತರಬೇತಿ ಕೊಡುವವರು ಇದನ್ನು ಪಾಠದ ಕ್ರಮದಲ್ಲೇ ತರಬಹುದು. ಹೊಸಬನಿಗೆ ಮೊದಲ ದಿನವೇ ಸಾಗುವಾನಿ ಕೊಟ್ಟು ಹೆರೆಯಲು ಹೇಳುವ ಬದಲು, ಹೊರಮೇಜನ್ನು ಬೇಕೆಂದೇ ಕಾಲು ಮಿಲಿಮೀಟರ್ ಇಳಿಸಿ ಮೂರಡಿಯ ಮೂರು ಸಿಲ್ವರ್ ಓಕ್ ತುಂಡುಗಳನ್ನು ಅವನ ಕೈಗೆ ಕೊಡಲಿ. ಅವನು ಹೆರೆದ ಅಂಚುಗಳನ್ನು ಒಂದಕ್ಕೊಂದು ಇಟ್ಟು, ಗುಳಿ ಎಲ್ಲಿದೆ, ಏಕೆ ಬಂತು, ಯಾವ ತಿರುಪು ಎತ್ತ ತಿರುಗಬೇಕು ಎಂದು ಬಾಯಿಬಿಟ್ಟು ಹೇಳಲಿ. ಮರುದಿನ ಹೊರಮೇಜನ್ನು ಅಷ್ಟೇ ಮೇಲೇರಿಸಿ ಇನ್ನೊಂದು ಜೊತೆ ತುಂಡು. ಮೂರನೆಯ ದಿನ ಫೆನ್ಸನ್ನು ತುಸು ವಾಲಿಸಿ ಮತ್ತೊಂದು. ಪ್ರತಿ ತುಂಡಿನ ಮೇಲೆ ತಪ್ಪಿನ ಕಾರಣವನ್ನು ಪೆನ್ಸಿಲಿನಲ್ಲಿ ಬರೆದು ಗೋಡೆಗೆ ಒರಗಿಸಿಟ್ಟರೆ, ಮುಂದೆ ಯಾವ ಅಂಚು ಕೈಕೊಟ್ಟರೂ ಅದನ್ನು ಈ ತುಂಡುಗಳ ಪಕ್ಕಕ್ಕೆ ಒಯ್ದು ಹೋಲಿಸಿ ನೋಡಬಹುದು. ಇದಕ್ಕೆ ತಗಲುವ ಖರ್ಚು ಒಲೆಗೆ ಹೋಗಲಿದ್ದ ನಾಲ್ಕಾರು ತುಂಡು ಮರ, ಒಂದು ವಾರದ ಬೆಳಗಿನ ಹೊತ್ತು.